ಪಟ್ಟಿಯಿಂದ ಓಡಿಹೋದ ನೇಕಾರ

ಆಗಸ್ಟ್ 11, 2025. ಅಟ್ಲಾಂಟಾ

ಮತ್ತೆ ಅದೇ ಪಟ್ಟಿ. ಸಿಸಿಲಿ ದ್ವೀಪ, ಹನ್ನೆರಡನೇ ಶತಮಾನ. ಅರಬರಿಂದ ದ್ವೀಪ ಗೆದ್ದ ನಾರ್ಮನ್ ದೊರೆ, ಹಳ್ಳಿಯ ಮುಸ್ಲಿಮರನ್ನು ಹೆಸರು ಹಿಡಿದು ಬರೆಸಿ, ಜಮೀನಿನ ಜೊತೆಗೇ ಚರ್ಚಿಗೆ ದಾನ ಮಾಡಿಬಿಟ್ಟಿದ್ದಾನೆ. ಹಸನನ ಮಗ ಅಲಿ, ನೇಕಾರ; ಮಕ್ಕಳು ಯೂಸುಫ್, ಉಮರ್. ಮೂವತ್ತು ವರ್ಷದ ನಂತರದ ಪಟ್ಟಿಯಲ್ಲಿ ಅಲಿ ಇಲ್ಲ. ಓಡಿಹೋದ ಅಂತ ಬರೆದೆ. ನನ್ನ ಲೇಖನ ನಿಂತಿರುವುದೇ ಅದರ ಮೇಲೆ.

ಆಗಸ್ಟ್ 14, ಮಧ್ಯಾಹ್ನ

ವೀಸಾ ಎಕ್ಸ್‌ಟೆನ್ಷನ್ ಫಾರ್ಮ್. ಪಾಸ್‌ಪೋರ್ಟಿನಲ್ಲಿ ಇರುವುದು ಒಂದೇ ಹೆಸರು — ಶಮ್ಸುನ್ನೀಸಾ. ವೀಸಾದಲ್ಲಿ ಅದು ಲಾಸ್ಟ್ ನೇಮ್. ಫಸ್ಟ್ ನೇಮ್ ಜಾಗದಲ್ಲಿ ಎಫ್‌ಎನ್‌ಯು. ಮೊದಲ ಹೆಸರು ಗೊತ್ತಿಲ್ಲ ಅಂತ ಅರ್ಥ! ಆರು ವರ್ಷದಿಂದ ಯೂನಿವರ್ಸಿಟಿ ಆಫೀಸಿನಲ್ಲಿ "ಹಾಯ್ ಫ್ನೂ". ಸಾಕಾಯಿತು. ಶಮ್ಸುನ್ನೀಸಾ ಅಂತ ಮೊದಲು ಹಾಕಿ, ಕೊನೆಗೆ ಅಬ್ಬನ ಹೆಸರು ಸೇರಿಸಿದೆ — ಶಫೀವುಲ್ಲಾ. ಮನಸ್ಸಿಗೆ ಹಾಯೆನಿಸಿತು.

ಸೆಪ್ಟೆಂಬರ್ 22

ಅರ್ಜಿ ವಾಪಸ್. ಆ ಹೆಸರಿನವರು ಯಾರೂ ದೇಶದೊಳಗೆ ಬಂದೇ ಇಲ್ಲವಂತೆ. ನನ್ನ ವೀಸಾ ಗಡುವು 30ಕ್ಕೆ ಮುಗಿಯುತ್ತದೆ.

ಪಕ್ಕದ ಮನೆ ಶ್ರೀಲತಾ ಸರಿಯಾಗಿ ಬೈದಳು. "ಅದು ಹೆಸರಲ್ಲ ಕಣೇ, ರೆಕಾರ್ಡು! ನಾನೂ ಎಫ್‌ಎನ್‌ಯುನೇ. ಹತ್ತು ವರ್ಷದಿಂದ ಬಾಯ್ಮುಚ್ಕೊಂಡು ಅದನ್ನೇ ಹಾಕ್ತಿಲ್ವಾ? ನಿನಗ್ಯಾಕೆ ಬೇಕಿತ್ತು ಈ ಜಂಭ?"

ಅವಳ ಮುಂದೆಯೇ ಅತ್ತುಬಿಟ್ಟೆ. ಭಯವಾಗುತ್ತಿದೆ.

ಸೆಪ್ಟೆಂಬರ್ 25

ಹೊಸ ಅರ್ಜಿ ಹೋಯಿತು, ಹಳೆಯ ಹೆಸರಿನಲ್ಲಿ. 30ರೊಳಗೆ ತಲುಪದಿದ್ದರೆ ಕೆಲಸವೂ ಇಲ್ಲ, ಈ ದೇಶದಲ್ಲಿ ಇರುವ ಹಾಗೂ ಇಲ್ಲ.

ಸೆಪ್ಟೆಂಬರ್ 29

ಕೈ ಸುಮ್ಮನಿರಲಿಲ್ಲ. ಎರಡನೇ ಪಟ್ಟಿ ತೆಗೆದೆ. ಹೊಸ ಗುಮಾಸ್ತ ಬರೆದದ್ದು. ಮೊದಲ ಪಟ್ಟಿಯಲ್ಲಿ ಅಲಿಯ ಅಕ್ಕಪಕ್ಕ ಇದ್ದ ಮನೆಯವರೇ ಇಲ್ಲೂ. ನಡುವೆ ಒಬ್ಬ "ಬಾವಿ ಹತ್ತಿರದ ಕುಂಟ". ಮಕ್ಕಳು ಯೂಸುಫ್, ಉಮರ್. ಅಲಿಯ ಮಕ್ಕಳು!

ಓಡಿಹೋಗಿರಲಿಲ್ಲ ಅವನು. ಅಲ್ಲೇ ಇದ್ದ. ಓಡಿಸಿದವಳು ನಾನು. ಮುಂದೆ ಜರ್ಮನ್ ವಂಶದ ದೊರೆ ಬಂದು ಇವರನ್ನೆಲ್ಲ ದ್ವೀಪದಿಂದಲೇ ಎತ್ತಿ ಸಾಗಿಸಿದ. ಅವನ ಮೊಮ್ಮಕ್ಕಳು ಹಡಗು ಹತ್ತಿದ್ದು ಯಾವ ಹೆಸರಿನಲ್ಲೋ...

ಲೇಖನ ಬಿತ್ತು. ಬೀಳಲಿ.

ಸೆಪ್ಟೆಂಬರ್ 30, ಬೆಳಿಗ್ಗೆ 10

ವೀಸಾ ಅರ್ಜಿ ನೋಡಿಕೊಳ್ಳುವ ವಕೀಲರ ಫೋನ್. "ಫ್ನೂ?" ಅಂದರು. ಹೌದು ಅಂದೆ. ತಿದ್ದಲಿಲ್ಲ. ಅರ್ಜಿ ತಲುಪಿದೆಯಂತೆ. ಸದ್ಯಕ್ಕೆ ನಾನು ಇಲ್ಲೇ ಇರಬಹುದು. ಜೀವ ಬಂತು.

ಮೈಸೂರಿಗೆ ಫೋನ್ ಮಾಡಿದೆ. ಅಬ್ಬನಿಗೆ ಕನ್ನಡಕ ಸಿಕ್ಕಿರಲಿಲ್ಲ, ಫೋನಿನಲ್ಲಿ ಮೂಡಿದ ಹೆಸರು ಕಾಣಲಿಲ್ಲ. "ಹಲೋ, ಯಾರು ಮಾತಾಡೋದು?" ಅಂದರು.

ನಾನು ಅಬ್ಬಾ, ಅಂದೆ. ಆಮೇಲೆ ಬಾಯಿಗೆ ಬಂದ ಹೆಸರು— ಫ್ನೂ.