ಬಾಗಿಲಿಗೆ ಬಂದ ಬಿಳಿ ಸೇವಂತಿಗೆ

ದಾನ್ಬಿ,

ಎದ್ದ ಮೇಲೆ ಮೊಳಕೆಕಾಳಿನ ಸಾರು ಬಿಸಿ ಮಾಡಿಕೊಂಡು ಕುಡಿ. ನಾನು ಪೊಲೀಸ್ ಠಾಣೆಗೆ ಹೋಗಿದ್ದೇನೆ.

ಬೆಳಿಗ್ಗೆ, ಸಾವಿನ ಮನೆಗೆ ಕಳಿಸುವಂಥ ಬಿಳಿ ಸೇವಂತಿಗೆಯ ಪುಷ್ಪಚಕ್ರ ಬಂತು. ತಂದವನು, "ಅಜ್ಜೀ, ಹೋಗ್ಬಿಟ್ಟಿದ್ದು ಯಾರು? ಇಲ್ಲೊಂದು ಸಹಿ ಹಾಕಿ" ಅಂದ. ಹೂವಿಗೆ ಕಟ್ಟಿದ್ದ ಬಟ್ಟೆಪಟ್ಟಿಯ ಮೇಲೆ ನಿನ್ನ ಹೆಸರು, ಕೆಳಗೆ, "ನಮ್ಮ ಗಾಯಕನ ಬಾಳು ಕೆಡಿಸಿದವಳಿಗೆ, ಅಭಿಮಾನಿ ಸಂಘ." ಹೂವು ಮೆಟ್ಟಿಲ ಬುಡದಲ್ಲಿದೆ, ಮುಟ್ಟಬೇಡ. ಪಟ್ಟಿ ನನ್ನ ಚೀಲದಲ್ಲಿದೆ.

ಫೋನ್ ನೋಡಬೇಡ. ಆ ಗಾಯಕ ನಿನ್ನ ಮೇಲೆ ಕೈ ಹಾಕಿದ್ದನ್ನು ನನಗೆ ಹೇಗೆ ಹೇಳಿದೆಯೋ, ನಾಳೆ ನ್ಯಾಯಾಧೀಶರಿಗೂ ಹಾಗೇ ಹೇಳು.

ಇನ್ನೊಂದು ಮಾತು. ಈ ಹೊಸ ಮನೆಯ ವಿಳಾಸವನ್ನು ನಾನು ಹೇಳಿದ್ದು ಒಬ್ಬಳಿಗೇ, ರಾತ್ರಿಶಾಲೆಯಲ್ಲಿ ಪಕ್ಕ ಕೂರುವ ಪಿಲ್ಸುನ್‌ಗೆ. ಅಕ್ಷರ ಕಲಿತ ಮೇಲೆ ನಾವಿಬ್ಬರೂ ಮೊದಲು ಕಾಗದ ಬರೆದದ್ದು ಆ ಗಾಯಕನಿಗೇ. ನಾನು ನಿಲ್ಲಿಸಿದೆ, ಅವಳು ನಿಲ್ಲಿಸಿಲ್ಲ. ನಿನ್ನೆ ಕೇಳಿದಳು: "ಮೊಮ್ಮಗಳು ಹಗಲೊತ್ತು ಒಬ್ಳೇ ಇರ್ತಾಳೇನೇ? ಪಾಪ, ಒಂದಿಷ್ಟು ಕಿಮ್ಚಿ ಉಪ್ಪಿನಕಾಯಿ ಕೊಟ್ಟು ಬರ್ತೀನಿ." ನನ್ನ ಬುದ್ಧಿಗಿಷ್ಟು, ಹ್ಞೂಂ ಅಂದುಬಿಟ್ಟೆ.

ಅವಳು ಡಬ್ಬಿ ಹಿಡಿದು ಬಂದು "ಮಗೂ" ಎಂದು ಕರೆದರೂ ಚಿಲಕ ತೆಗೆಯಬೇಡ. ಅವಳು ಒಬ್ಬಳೇ ಬರುವುದಿಲ್ಲ.

ಅಜ್ಜಿ