ಮುದ್ದೆಗಿಂತ ಮೂರು ಪಟ್ಟು

ಜೂನ್ ೧೪, ಶನಿವಾರ. ಪಿರಿಯಾಪಟ್ಟಣ, ಅತ್ತೆ ಮನೆ.

ಪಾಠ ಮಾಡುವ ಚಟ ಅತ್ತೆ ಮನೆಯಲ್ಲೂ ಬಿಡಲಿಲ್ಲ. ನೂರು ಗ್ರಾಂ ಫ್ರೆಂಚ್ ಫ್ರೈಸ್‌ನಲ್ಲಿ ಮುನ್ನೂರು ಕ್ಯಾಲೊರಿ, ಮುದ್ದೆಯ ಮೂರು ಪಟ್ಟು ಎಂದು ಕಳೆದ ಸಲ ಭಾಷಣ ಬಿಗಿದಿದ್ದೆ. ಕ್ಯಾಲೊರಿ ಎಂದರೇನು ಎಂದು ಅತ್ತೆ ಕೇಳಿದರು. ಶಕ್ತಿ ಎಂದೆ. ಅಲ್ಲಿಗೆ ನನ್ನ ಕತೆ ಮುಗಿಯಿತು.

ಇವತ್ತು ತಟ್ಟೆ ತುಂಬ ಅದೇ ಫ್ರೈಸ್, ಮೇಲೆ ತುಪ್ಪ ಬೇರೆ.

"ತಿನ್ನಿ ಅಳಿಯಂದ್ರೇ, ಎಂಗೆ ಇಳ್ದೋಗಿದ್ದೀರಿ! ಮೂರು ಮುದ್ದೆ ಉಣ್ಣೋ ಬದ್ಲು ಇದೊಂದು ತಟ್ಟೆ ಸಾಕು ಕಣ್ರೀ."

ಇಳಿದುಹೋದದ್ದು ಸಕ್ಕರೆ ಕಾಯಿಲೆಯಿಂದ. ಹೇಳಿಬಿಡೋಣ ಎಂದು ಬಾಯಿ ತೆರೆದೆ. ಎದುರು ಗೋಡೆಯಲ್ಲಿ ಮಾವನ ಫೋಟೊ. ಅವರನ್ನು ಕೊಂಡೊಯ್ದದ್ದೂ ಅದೇ ಕಾಯಿಲೆ. ತೆರೆದ ಬಾಯಿ ನೋಡಿ ಅತ್ತೆ ಇನ್ನೊಂದು ಹಿಡಿ ಬಡಿಸಿದರು.

ನಾಳೆಯೂ ಇಲ್ಲೇ ಇರಬೇಕು. ಅಡುಗೆಮನೆಯಲ್ಲಿ ಇನ್ನೂ ಅರ್ಧ ಮೂಟೆ ಆಲೂಗೆಡ್ಡೆ ಇದೆ.