ಚೊಕ್ಕ ತಟ್ಟೆ

ಜೂನ್ ೧೯

ಇಂದಿನ ಪತ್ರಿಕೆಯ ಮುಖಪುಟದಲ್ಲೇ ತಪ್ಪುಗಳ ಸಾಲು. ಕೆಂಪು ಪೆನ್ಸಿಲ್ಲು ಮೊಂಡಾಯಿತು. ಊಟಕ್ಕೆ ಕುಳಿತು ಪತ್ರಿಕೆ ತಿದ್ದುವುದು ಶಾಲೆಯಿಂದ ನಿವೃತ್ತಿಯಾದಂದಿನಿಂದ ನನ್ನ ಕ್ರಮ. ಆಗ ಮಾತು ನಿಷಿದ್ಧ. ಕಾಲೇಜಿಗೆಂದು ನನ್ನಲ್ಲಿಗೆ ಬಂದಿರುವ ಮೊಮ್ಮಗಳೂ ಒಗ್ಗಿಕೊಂಡಿದ್ದಾಳೆ.

ಸಂಜೆ ನನ್ನ ಮಗ, ಅವಳ ಸೋದರಮಾವ, ಬಂದಿದ್ದ. "ಏಳೇ ಡುಮ್ಮಿ, ಆ ಸೋಫಾಗೂ ಜೀವ ಇದೆ!" ಎಂದ. ನಕ್ಕೆವು. ಅವಳೂ ನಕ್ಕಳು. ತೊಟ್ಟಿಲಿನಿಂದ ಬಂದ ಮುದ್ದಿನ ಹೆಸರು.

ಜುಲೈ ೮

ಕಾಲೇಜಿನ ಗುಂಪುನೃತ್ಯದಲ್ಲಿ ಇವಳಿಗೆ ಕೊನೆಯ ಸಾಲಂತೆ.

"ಕುಳ್ಳಗಿರುವವರು ಮುಂದಲ್ಲವೇ?"

"ಮುಂದಿನವ್ರು ಫೋಟೋದಲ್ಲಿ ಬೀಳ್ತಾರಲ್ಲ ಅಜ್ಜಿ. ಅದಕ್ಕೆ."

ಫೋನು ತೋರಿಸಿದಳು. ಅಭ್ಯಾಸದ ಚಿತ್ರ. ಕೆಳಗೆ ಯಾರೋ ಬರೆದಿದ್ದ — ಇಂದೆ ನಿಂತಿರೋದು ಉಡುಗೀನಾ, ಬೀರುನಾ?

"ಇವನ ಕಾಗುಣಿತ ನೋಡು. ಇಂಥವನ ಮಾತಿಗೆ ಬೆಲೆಯೇ?"

"ಕಾಗುಣಿತ ಸರಿ ಇದ್ದಿದ್ರೆ ಬೆಲೆ ಇರ್ತಿತ್ತಾ ಅಜ್ಜಿ?"

ಓದಿಕೋ ಹೋಗು ಎಂದೆ. ಊಟ ಬೇಡವೆಂದಳು — 'ಡಯೆಟ್' ಅಂತೆ. ಹೊಟ್ಟೆಗೆ ಹಿಟ್ಟಿಲ್ಲದೆ ಜುಟ್ಟಿಗೆ ಮಲ್ಲಿಗೆ ಮುಡಿಯುವುದು ಈ ಮನೆಯಲ್ಲಿ ನಡೆಯದು, ಬಡಿಸಿದ್ದನ್ನು ತಟ್ಟೆಯಲ್ಲಿ ಬಿಡಕೂಡದು ಎಂದೆ. ತಟ್ಟೆ ಎಳೆದುಕೊಂಡು ಕುಳಿತಳು. ನಾನು ಸಂಪಾದಕೀಯ ಮುಗಿಸುವಷ್ಟರಲ್ಲಿ ತಟ್ಟೆ ಚೊಕ್ಕವಾಗಿತ್ತು.

ಆಗಸ್ಟ್ ೨೬

ಬಹಳ ದಿನಗಳಿಂದ ಬರೆದಿಲ್ಲ. ಮೊಮ್ಮಗಳು ಎಷ್ಟು ತೆಳ್ಳಗಾಗಿದ್ದಾಳೆ! ಮುಂದಿನ ಸಾಲಿಗೆ ಬಂದಿದ್ದಾಳೆ.

ಪಕ್ಕದ ಮನೆಯಾಕೆ ಗೇಟಿನಲ್ಲೇ ಹಿಡಿದಳು. "ಟೀಚರ್, ಏನ್ ಮಾಡಿಸಿದ್ರಿ ಇವ್ಳಿಗೆ? ನಮ್ಮನೇಲಿರೋ ಗುಂಡಮ್ಮಂಗೂ ಸ್ವಲ್ಪ ಹೇಳ್ಕೊಡಿ."

"ಶಿಸ್ತು. ಬೇರೇನಿಲ್ಲ. ಒಂದು ಅಗುಳನ್ನೂ ಬಿಡದೆ ಉಣ್ಣುತ್ತಾಳೆ."

ಹೆಮ್ಮೆಯಿಂದಲೇ ಹೇಳಿದೆ. ಮೊಮ್ಮಗಳು ಪಕ್ಕದಲ್ಲೇ ನಿಂತಿದ್ದಳು; ತಲೆ ತಗ್ಗಿಸಿದಳು. ವಿನಯ ಎಂದುಕೊಂಡೆ.

ಸೆಪ್ಟೆಂಬರ್ ೧೪, ಮಧ್ಯಾಹ್ನ

ಅವಳ ಕೋಣೆಯಲ್ಲಿ ಕೆಟ್ಟ ವಾಸನೆ. ಇಲಿ ಸತ್ತಿರಬೇಕೆಂದು ಮಂಚ ಸರಿಸಿದೆ.

ಪೊಟ್ಟಣಗಳು. ಬೂಷ್ಟು ಹಿಡಿದ ಅನ್ನ, ತರಕಾರಿ. ಸುತ್ತಿದ ಕಾಗದ ನನ್ನ ಪತ್ರಿಕೆ — ನನ್ನದೇ ಕೆಂಪು ಗುರುತುಗಳು. ನಾನು ಹಾಳೆಯನ್ನು ಮುಖಕ್ಕೆ ಅಡ್ಡ ಹಿಡಿದು ತಿದ್ದುತ್ತಿದ್ದಾಗ, ಮೇಜಿನ ಆಚೆ ಬದಿಯಲ್ಲಿ...

ಸಂಜೆ

"ಅಮ್ಮಂಗೆ ಹೇಳ್ಬೇಡಿ ಅಜ್ಜಿ. ಪ್ಲೀಸ್."

"ನನ್ನೆದುರಿಗೇ ಕುಳಿತು ಹೀಗೆ ಮಾಡಿದೆಯಾ?"

"ನೀವು ನೋಡ್ತಿರ್ಲಿಲ್ಲ ಅಂತಲ್ಲ ಅಜ್ಜಿ. ಹೊಗಳ್ತಿದ್ರಲ್ಲ... ಅದಕ್ಕೇ ನಿಲ್ಸೋಕಾಗ್ಲಿಲ್ಲ."

ಸೆಪ್ಟೆಂಬರ್ ೧೫

ಪತ್ರಿಕೆ ಬಿಚ್ಚಲಿಲ್ಲ. ಎದುರು ಕುಳಿತು ತರಗತಿಯ ದನಿಯಲ್ಲಿ "ತಿನ್ನು" ಎಂದೆ. ತಿಂದಳು. ಬಚ್ಚಲಿಗೆ ಓಡಿದಳು. ನಲ್ಲಿ ಬಿಟ್ಟುಕೊಂಡಳು, ನನಗೆ ಕೇಳಿಸಬಾರದೆಂದು. ಕೇಳಿಸಿತು.

ಮಗಳಿಗೆ ಫೋನು ಮಾಡಿದೆ. ರಜೆ ಸಿಕ್ಕ ಕೂಡಲೇ ಬರುತ್ತಾಳಂತೆ.

ಸೆಪ್ಟೆಂಬರ್ ೨೧

ಬಚ್ಚಲಲ್ಲಿ ಕುಸಿದುಬಿದ್ದಿದ್ದಳು. ಕೂಗಿದೆ, ಯಾರೂ ಬರಲಿಲ್ಲ. ನಾನೇ ಎತ್ತಿದೆ. ಈ ಮಂಡಿಗಳಿಂದ, ಈ ವಯಸ್ಸಿನಲ್ಲಿ, ಬೆಳೆದ ಹುಡುಗಿಯನ್ನು ಎತ್ತಲು ನನಗೆ ಸಾಧ್ಯವಾಗಬಾರದಿತ್ತು.

ಸೆಪ್ಟೆಂಬರ್ ೨೩, ಆಸ್ಪತ್ರೆ

ಹೃದಯ ಸೊರಗಿದೆ, ಈಗಲೇ ಏನೂ ಹೇಳಲಾಗದು ಎಂದರು ವೈದ್ಯರು. ಮಗಳು ಬಂದು ಅವಳ ಪಾದ ಹಿಡಿದು ಕುಳಿತಿದ್ದಾಳೆ. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಎಚ್ಚರವಾದೊಡನೆ ಮೊಮ್ಮಗಳು ನೋಡಿದ್ದು ಗ್ಲೂಕೋಸ್ ಬಾಟಲಿಯನ್ನು. "ಸಿಸ್ಟರ್, ಇದ್ರಲ್ಲಿ ಎಷ್ಟು ಕ್ಯಾಲರಿ ಇರತ್ತೆ?"

"ಅಯ್ಯೋ ಪುಟ್ಟಿ, ಇದ್ರಿಂದೆಲ್ಲ ದಪ್ಪ ಆಗಲ್ಲ ಬಿಡು," ಎಂದು ಆಕೆ ನಕ್ಕಳು.

ಮಗಳು ಕಿವಿಯಲ್ಲಿ ಹೇಳಿದಳು: "ನೀವೇ ಏನಾದ್ರೂ ಹೇಳಿ ಅಮ್ಮ. ನಿಮ್ಮ ಮಾತು ಅಂದ್ರೆ ಅವ್ಳಿಗೆ ಶಾಸನ."

ಹತ್ತಿರ ಕುಳಿತೆ. ಮೊಮ್ಮಗಳ ಕೈ ತಣ್ಣಗಿತ್ತು. ಕಣ್ಣು ತೆರೆದು ನನ್ನನ್ನೇ ನೋಡಿದಳು.

"ಅಜ್ಜಿ, ಈಗ ಹೇಗೆ ಕಾಣ್ತಿದೀನಿ?"

ಚೆನ್ನಾಗಿ ಎಂದರೆ ಮತ್ತೆ ಹೊಗಳಿದಂತೆ. ಚೆನ್ನಾಗಿಲ್ಲ ಎಂದರೆ, ಫೋನಿನಲ್ಲಿ ಬೀರು ಎಂದವನಿಗೂ ನನಗೂ ವ್ಯತ್ಯಾಸವೇನು? ಇನ್ನೂ ಕಾಯುತ್ತಿದ್ದಾಳೆ. ಅವಳಿಗೆ ನಾನು ಏನು ಹೇಳಲಿ?